ಜೈಲರ್ ಸಾಹೇಬರ ಸಿನೆಮಾ

ಸೊಸೆ ಶೈಲಾ ಡಿವಿಡಿಯನ್ನು ಪ್ಲೇಯರಿಗೆ ತಳ್ಳಿದಾಗ ಬಸವಣ್ಣೆಪ್ಪನ ಎದೆ ಎಷ್ಟು ಜೋರಾಗಿ ಹೊಡೆದುಕೊಂಡಿತೆಂದರೆ, ಗುಡ್ನಾಪುರ ಕೆರೆಯ ಕೊಕ್ಕರೆಗಳೆಲ್ಲ ಗಾಬರಿಯಿಂದ ಎದ್ದು ಬನವಾಸಿಗೆ ಹೋಗಿ ಕುಳಿತವು. "ಮಾವಾರ, ನಿಮ್ಮ ಸಿನೆಮಾದ ಹಳೇ ರೀಲು ಎಲ್ಲೋ ಸಿಕ್ಕಾವಂತ, ತೊಳದು ಹೊಸಾದು ಮಾಡಿ ಬಿಟ್ಟಾರ್ರಿ. ಒಂದು ಗೀರೂ ಇಲ್ಲಂತ," ಎಂದಳು ಶೈಲಾ. ಓಣಿಗೆ ಓಣಿಯೇ ಪಡಸಾಲೆಯಲ್ಲಿ ತುಂಬಿತ್ತು.

ಹೆಂಗಸರ ಜೈಲಿನ ಆ ಹಳೇ ಹಸಿಬಿಸಿ ಚಿತ್ರದಲ್ಲಿ ಚಾವಟಿ ಬೀಸಿದ ಜೈಲರ್ ತಾನೇ ಎಂದು ಬಸವಣ್ಣೆಪ್ಪ ಜಂಬ ಕೊಚ್ಚಿದ್ದು, ಅದರ ರೀಲುಗಳೆಲ್ಲ ಸುಟ್ಟುಹೋಗಿವೆ ಎಂಬ ಧೈರ್ಯದ ಮೇಲೆ. ಶಿರಸಿ ಪೇಟೆಯ ಎಮ್ಮೆಗಳೂ ಅವನನ್ನು ಜೈಲರ್ ಎಂದೇ ಕರೆಯುತ್ತಿದ್ದವು. ಹೆಂಡತಿ ಗುರುಶಾಂತವ್ವನಿಗಂತೂ ಮದುವೆಯಾದಂದಿನಿಂದ ಆತ "ಜೈಲರ್ ಸಾಹೇಬ್ರು".

ಪರದೆಯ ಮೇಲೆ ಜೈಲರ್ ಬಂದ. ಬೇರೆ ಯಾರೋ.

"ಮೇಕಪ್ಪಿನಾಗ ಗುರ್ತ ಸಿಗಂಗಿಲ್ರಿ," ಎಂದ ಬಸವಣ್ಣೆಪ್ಪನ ನಾಲಿಗೆ ಸುಣ್ಣದ ಕಲ್ಲಾಗಿತ್ತು. ಮರುಕ್ಷಣವೇ ಜೈಲಿನ ಅಂಗಳದಲ್ಲಿ ಕಾವಲುಗಾರನೊಬ್ಬನ ಹೆಣ ಕಾಣಿಸಿತು. ಅದರ ಮೂಗಿನ ಮೇಲೆ ಬಸವಣ್ಣೆಪ್ಪನದೇ ನೇರಳೆಹಣ್ಣಿನಂಥ ಮಚ್ಚೆ. ಹೆಣದ ಹೊಟ್ಟೆ ಕಮ್ಮಾರನ ತಿದಿಯಂತೆ ಏರಿಳಿಯುತ್ತಿತ್ತು. ಪರದೆಯ ಹೆಣ ಉಸಿರಾಡುತ್ತಿತ್ತು. ಕುರ್ಚಿಯಲ್ಲಿದ್ದ ಬಸವಣ್ಣೆಪ್ಪ ಉಸಿರಾಡುತ್ತಿರಲಿಲ್ಲ. ಅಷ್ಟರಲ್ಲಿ ಗುರುಶಾಂತವ್ವ ಚಹಾದ ತಾಟು ಹಿಡಿದು ಟಿವಿಗೆ ಪೂರ್ತಿ ಅಡ್ಡ ನಿಂತಳು. "ಬಾಜೂಕ ಸರೀರಿ ಬೇ, ಕಾಣಂಗಿಲ್ಲ," ಎಂದು ಓಣಿ ಕೂಗಿತು. ಅವಳು ಸರಿಯಲಿಲ್ಲ. ಹೆಣದ ದೃಶ್ಯ ಮುಗಿದ ಮೇಲೆ ಗಂಡನ ಕೈಗೆ ಕಪ್ಪು ಕೊಟ್ಟು ಕಿವಿಯಲ್ಲಿ ಹೇಳಿದಳು: "ಉಸರು ಬಿಡ್ರಿ, ಜೈಲರ್ ಸಾಹೇಬ್ರ. ಇದನ್ನ ನಾ ಲಗ್ನಕ್ಕ ಮೊದಲ ಶಿರ್ಸ್ಯಾಗ ನೋಡಿದ್ನಿ. ನೀವು ಹೆಣ್ಣು ನೋಡಾಕ ಬಂದ ದಿನಾನ ಆ ಮಚ್ಚಿ ಗುರ್ತ ಹಿಡಿದೀನಿ."