ಮೂರನೆಯ ಪುಟದ ಪೆನ್ಸಿಲ್ ಗುರುತು

ಪಕ್ಕದ ಕುರ್ಚಿಯ ವಾಲ್ಟರ್ ಪುಟ ತಿರುವಿದರು. ಸುಪ್ರಿಯಾಳ ಕಮಾನು ವಯೋಲಾದ ತಂತಿಯ ಮೇಲೆ ನಿಂತೇಹೋಯಿತು. ಸ್ವರಗಳ ಮೇಲೆ, ಪೆನ್ಸಿಲಿನಲ್ಲಿ, ಅಚ್ಚ ಕನ್ನಡದಲ್ಲಿ ಎರಡಕ್ಷರ: ಚಿನ್ನಿ.

ಅವಳನ್ನು ಹಾಗೆ ಕರೆಯುತ್ತಿದ್ದವರು ಒಬ್ಬರೇ, ಅಪ್ಪ ಅಮರೇಶ್ವರ. ಅವರು ತೀರಿಕೊಂಡು ಎರಡು ವರ್ಷ. ಈ ಹಾಳೆಗಳೋ, ಆರ್ಕೆಸ್ಟ್ರಾದ ನೂರನೆಯ ವರ್ಷಕ್ಕೆಂದು ಬರೆಸಿದ ಹೊಸ ಕೃತಿಯವು. ಅಚ್ಚಾಗಿ ಬಂದು ತಿಂಗಳೂ ಆಗಿಲ್ಲ. ನ್ಯೂಜೆರ್ಸಿಯ ಈ ಎಂಬತ್ತು ವಾದಕರಲ್ಲಿ ಕನ್ನಡ ಬಲ್ಲವಳು ಅವಳೊಬ್ಬಳೇ.

ಅಕ್ಷರ ಬರೆದಂತಿರಲಿಲ್ಲ, ತಿದ್ದಿದಂತಿತ್ತು. ಕೊನೆಗಾಲದಲ್ಲಿ ಅಪ್ಪನ ಕೈ ನಡುಗುತ್ತಿತ್ತಂತೆ. ಇವಳು ಅದನ್ನು ನೋಡಿದ್ದರೆ ತಾನೆ!

ಹನ್ನೊಂದು ವರ್ಷದ ಹಿಂದೆ, ಇದೇ ಹಾಲ್‌ನಲ್ಲಿ, ಎಲ್ಲರೆದುರು, “ನಿಮ್ಮ ಜೋಡಿ ಕೂತು ಜನ್ಮದಾಗ ನುಡಿಸೂದಿಲ್ಲ” ಎಂದು ಬಾಗಿಲು ಬಡಿದು ಹೋದವಳು. ಅಪ್ಪ ಮತ್ತೆ ಮಾತಾಡಲಿಲ್ಲ. ಈ ವಾರವಷ್ಟೇ ಮರಳಿ, ಈಗ ಅವರದೇ ಕುರ್ಚಿಯಲ್ಲಿ ಕೂತಿದ್ದಾಳೆ. ಅಪ್ಪ ತನ್ನನ್ನು ಕ್ಷಮಿಸಿದ್ದರೇ? ಅದೊಂದು ತಿಳಿದರೆ ಸಾಕಿತ್ತು.

ತಾಲೀಮಿನ ವಿರಾಮದಲ್ಲಿ ಬ್ರಿಡ್ಜ್‌ವಾಟರ್‌ನಲ್ಲಿದ್ದ ಅಮ್ಮನಿಗೆ ಫೋನ್ ಮಾಡಿ, ಅಪ್ಪ ಎಂದಾದರೂ ತನ್ನ ಮಾತೆತ್ತಿದ್ದರೇ ಎಂದು ಕೇಳಿದಳು.

“ಏನ್ ಹೇಳ್ಲವಾ,” ಎಂದರು ಶೈಲಮ್ಮ. “ಹಟದ ಮನಷ್ಯಾ. ಮನ್ಯಾಗ ನಿನ್ನ ಹೆಸರು ಎತ್ತಗೊಡಲಿಲ್ಲ.”

ಹಳೆಯ ಹಾಳೆಗಳ ಕೋಣೆಗೆ ಹೋದಳು. ನುಡಿಸಿದವರು ಕೊನೆಯ ಪುಟದಲ್ಲಿ ಸಹಿ ಹಾಕಿ ತಾರೀಖು ಬರೆಯುವುದು ಇಲ್ಲಿಯ ರೂಢಿ. ನೂರು ವರ್ಷದ ಹೆಸರುಗಳು, ಬಹುಪಾಲು ಸತ್ತವರವು. ಕಳೆದ ವರ್ಷದ ಕಟ್ಟು ತೆರೆದಳು. ಅಪ್ಪನ ಸಹಿ ಇಲ್ಲ, ಇರುವಂತೆಯೂ ಇಲ್ಲ. ಆದರೆ ಒಳಪುಟದಲ್ಲಿ ಚಿನ್ನಿ. ಮತ್ತೊಂದು ಪುಟದಲ್ಲೂ ಚಿನ್ನಿ. ಅದಕ್ಕಿಂತ ಹಳೆಯ ಕಟ್ಟು ಮುಟ್ಟಲು ಧೈರ್ಯ ಬರಲಿಲ್ಲ.

ವಾಲ್ಟರ್‌ರನ್ನು ಕೇಳೋಣವೆಂದರೆ, ಮೂವತ್ತು ವರ್ಷ ಅಪ್ಪನ ಪಕ್ಕ ಕೂತಿದ್ದರೂ ಆ ಮುದುಕರಿಗೆ ಕನ್ನಡದ ಗಂಧವೂ ಇಲ್ಲ. ಪುಟ ತಿರುವುವುದು, ಗುರುತು ಹಾಕುವುದು, ಅಷ್ಟೇ ಅವರ ಕುರ್ಚಿಯ ಕೆಲಸ.

ಹಿಂದಿರುಗಿದಾಗ ವಾಲ್ಟರ್ ಐದನೆಯ ಪುಟದ ಮೇಲೆ ಬಾಗಿದ್ದರು. ಮಗು ರಂಗೋಲಿ ಎಳೆಯುವಂತೆ ಅವರ ಪೆನ್ಸಿಲ್ ನಿಧಾನವಾಗಿ ಸುತ್ತುತ್ತಿತ್ತು. ಒಂದು ಚಿ. ಆಮೇಲೆ ಒಂದು ನ್ನಿ.

“ಸರಿಯಾಗಿ ಬಂತೇ?” ಎಂದು ಇಂಗ್ಲಿಷಿನಲ್ಲಿ ಕೇಳಿದರು. “ನೀನು ಎದ್ದುಹೋದ ಮರುವಾರದಿಂದ ಸಾಯುವವರೆಗೂ ನಿಮ್ಮಪ್ಪ ಹಾಕಿಸುತ್ತಿದ್ದ ಗುರುತು. ನಿಮ್ಮ ಕಡೆಯ ಸಂಗೀತದ್ದಂತೆ. ನಾನಿನ್ನೂ ಬಿಟ್ಟಿಲ್ಲ.”

“ಅರ್ಥ ಏನಂದರು?” ಎಂದಳು ಸುಪ್ರಿಯಾ.

“ಇಲ್ಲಿ ಮೆಲ್ಲಗೆ ನುಡಿಸು, ಬಾಗಿಲು ತೆರೆದು ಯಾರಾದರೂ ಒಳಗೆ ಬಂದರೆ ಕೇಳಿಸಬೇಕು, ಅಂತ.”