ಒಡೆದ ರೇಡಿಯೋ

ಕಬ್ಬಿನ ಹಾಲಿನ ಅಂಗಡಿ ದಾಟುವಾಗೆಲ್ಲ, ಮೊನ್ನೆ ಸ್ಪ್ಯಾನಿಷ್ ಪ್ರಾಧ್ಯಾಪಕನಾಗಿ ನಿವೃತ್ತನಾದ ನನ್ನ ಕಾಕಾನ ಬೆನ್ನು ನೆನಪಾಗುತ್ತದೆ.

ಎಂಬತ್ತರ ದಶಕ. ಹಾರೂಗೇರಿ ಹತ್ತಿರ ನಮ್ಮ ಕಬ್ಬಿನ ತೋಟ. ಕಾಕಾ ಗುಡಿಸಲಿನಲ್ಲಿ ಕೂತು, ರೇಡಿಯೋದಲ್ಲಿ ಯಾವುದೋ ದೂರದೇಶದ ಹೆಂಗಸು ಹೇಳಿಕೊಡುತ್ತಿದ್ದ ಸ್ಪ್ಯಾನಿಷ್ ಪಾಠ ಕೇಳುತ್ತಿದ್ದ. ಆ ಮಧ್ಯಾಹ್ನ ಪಾಠದ ಗುಂಗಿನಲ್ಲಿ ನೀರು ತಿರುವುವುದನ್ನೇ ಮರೆತ. ಬದು ಒಡೆದು ಹೊಸ ನಾಟಿಯೆಲ್ಲ ಕೊಚ್ಚಿಹೋಯಿತು.

ಅಜ್ಜ ಬಂದವರೇ ರೇಡಿಯೋವನ್ನು ಕಲ್ಲಿಗೆ ಅಪ್ಪಳಿಸಿದರು. ಹಸಿ ಕಬ್ಬೊಂದನ್ನು ಮುರಿದುಕೊಂಡು ಕಾಕಾನ ಬೆನ್ನಿಗೆ, ಮುಖಕ್ಕೆ ಬಾರಿಸತೊಡಗಿದರು. ಕಬ್ಬು ಸೀಳಿ ರಸ ಪಕ್ಕದಲ್ಲೇ ನಿಂತಿದ್ದ ಚಿಕ್ಕ ಹುಡುಗ ನನ್ನ ತುಟಿಗೂ ಸಿಡಿಯಿತು. ಸಿಹಿಯಾಗಿತ್ತು.

"ಸಾಯ್ತಾನ್ರಿ, ಬಿಡ್ರಿ!" ಎಂದು ಅಡ್ಡ ಬಂದ ಅಜ್ಜಿಗೂ ಒಂದು ಬಿತ್ತು.

"ನಿನ್ನ ಆ ಹೆಂಗಸ ಬಂದು ನೀರ ಹಾಯಸ್ತಾಳೇನಲೇ?" ಅಜ್ಜ ಕೂಗಿದರು.

ಕಾಕಾ ಅಳಲಿಲ್ಲ. ಬಾಯಿತುಂಬ ರಕ್ತವಿದ್ದರೂ, ರೇಡಿಯೋ ನಿಂತಲ್ಲಿಂದ ಪಾಠವನ್ನು ಮುಂದುವರಿಸಿದ, ಥೇಟ್ ಆ ಹೆಂಗಸಿನ ದನಿಯಲ್ಲಿ.

ಅಜ್ಜನ ಎತ್ತಿದ ಕೈ ಹಾಗೇ ನಿಂತಿತು. ಕಾಕಾನನ್ನು ಬಿಟ್ಟು, ಚೂರಾಗಿ ಬಿದ್ದಿದ್ದ ರೇಡಿಯೋದ ಕಡೆ ತಿರುಗಿ ನೋಡಿದರು.

"ಇನ್ನೂ ಸತ್ತಿಲ್ಲೇನಲೇ ಅದು?"

ಓಡಿಹೋಗಿ ಅದರ ಚೂರುಗಳನ್ನು ಕಾಲಿನಿಂದ ತುಳಿದರು, ಮತ್ತೆ ಮತ್ತೆ ತುಳಿದರು. ದನಿ ನಿಲ್ಲಲಿಲ್ಲ.