ಏಳನೆಯ ಎಸೆತ

ಆರು ಎಸೆತಗಳ ಓವರಿನಲ್ಲಿ ಅಂಪೈರ್ ಫಕೀರಪ್ಪ ಏಳನೆಯದನ್ನೂ ಹಾಕಿಸಿಬಿಟ್ಟಿದ್ದರು. ಮುಂದಿನ ಓವರ್ ಶುರುವಾದ ಮೇಲೆ ತಪ್ಪು ಹೊಳೆಯಿತು. ನಿಯಮದಂತೆ ಸೊಂಟದ ಪಟ್ಟಿಯ ಗುಂಡಿ ಒತ್ತಿ, ಮೈದಾನದ ಕಾಲವನ್ನು ಆರನೆಯ ಎಸೆತದ ಕೊನೆಗೆ ಹಿಂದಿರುಗಿಸಿದರು. ಆಟ ಅಳಿಸಿದ ಗುರುತಾಗಿ ಸ್ಕೋರ್ ಫಲಕದ ಮೇಲೆ ಕೆಂಪು ದೀಪ ಹತ್ತಿತು. ಅಳಿಸಿದ ಆಟ ಅಂಪೈರಿಗೆ ಮಾತ್ರ ನೆನಪಿರುತ್ತದೆ. ಅದನ್ನು ಯಾರಿಗೂ ಹೇಳುವಂತಿಲ್ಲ.

ಬೌಲರ್ ಮಲ್ಲೇಶಿ ಹತ್ತಿರ ಬಂದ. ಎದುರು ಬ್ಯಾಟ್ ಹಿಡಿದಿದ್ದ ಸ್ವಂತ ಅಣ್ಣನೊಡನೆ ಅವನು ಮಾತು ಬಿಟ್ಟು ಮೂರು ವರ್ಷವಾಗಿತ್ತು.

"ಏನ್ ಅಳಿಸಿದ್ರಿ ಸರ್? ವಿಕೆಟ್ ಬಿದ್ದಿತ್ತೇನ್ರಿ?"

ಫಕೀರಪ್ಪ ಸುತ್ತ ನೋಡಿ ದನಿ ತಗ್ಗಿಸಿದರು.

"ಬಾಲ್ ನಿಮ್ಮಣ್ಣನ ಎದಿಗೆ ಬಡೀತು. ನೀ ಓಡಿ ಹೋಗಿ ತಬ್ಕೊಂಡು ಅಳಾಕ ಹತ್ತಿದ್ದಿ."

ಮಲ್ಲೇಶಿ ನಿಧಾನವಾಗಿ ಅಣ್ಣನತ್ತ ನಡೆದ.

ಹೇಳಿದ್ದೂ ತಪ್ಪೇ. ಅದನ್ನು ಅಳಿಸಲೂ ಅದೇ ಗುಂಡಿ ಒತ್ತಬೇಕಿತ್ತು. ಫಕೀರಪ್ಪ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು.